ರೋಜಿಯ ಪಾತ್ರ ಯಾರು ಮಾಡ್ತೀರಿ?

(ಲಚ್ಯಾಣದಲ್ಲಿ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)



ಹೆಣ್ಣುಮಕ್ಕಳು ಬಾಗಿಲ ಹತ್ರ ಕುಂತೀರಿ. ಮುಂದ ಬರ್ರಿ. ಇವತ್ತಿನ ಮಾತು ನಿಮ್ಮದೇ ಐತಿ.

1913ರಲ್ಲಿ ಫಾಲ್ಕೆ 'ರಾಜಾ ಹರಿಶ್ಚಂದ್ರ' ತೆಗೆದಾಗ ತಾರಾಮತಿ ಆಗಲು ಒಬ್ಬ ಹೆಂಗಸೂ ಒಪ್ಪಲಿಲ್ಲ. ಅಡಿಗೆ ಕೆಲಸದ ಸಾಳುಂಕೆ ಸೀರೆ ಉಟ್ಟ. ಅದರ ಬೆನ್ನಿಗೇ ದುರ್ಗಾಬಾಯಿ ಕಾಮತ್, ಮಗಳು ಕಮಲಾಬಾಯಿ 'ಮೋಹಿನಿ ಭಸ್ಮಾಸುರ'ದಲ್ಲಿ ನಟಿಸಿದರು. ಹಾಡುವ, ಕುಣಿಯುವ ಹೆಂಗಸರು ಊರೂರಿಗೆ ಇದ್ದರು. ಅವರ ಹಾಡು ಬೇಕಿತ್ತು, ಅವರ ನೆಂಟಸ್ತನ ಯಾರಿಗೂ ಬೇಕಿರಲಿಲ್ಲ.

ನಮ್ಮ ಕಡೆಯವರನ್ನೇ ನೋಡಿರಿ. ಬೀಳಗಿ ಆಗ ವಿಜಾಪುರ ಜಿಲ್ಲೆಯಲ್ಲಿತ್ತು. ಅಲ್ಲಿಯ ಗೋಹರ್‌ಬಾಯಿ, ತಂಗಿ ಅಮೀರ್‌ಬಾಯಿ ಮುಂಬೈಗೆ ಹೋಗಿ ಹೆಸರಾದರು. ಹೆಣ್ಣುವೇಷಕ್ಕೆ ಹೆಸರಾದ ಬಾಲಗಂಧರ್ವರ ಕಂಪನಿಯಲ್ಲಿ ಗೋಹರ್‌ಬಾಯಿ ನಾಯಕಿಯಾಗಿ ನಿಂತಳು. ಅಮೀರ್‌ಬಾಯಿ ಹಾಡಿದ 'ಕಿಸ್ಮತ್' (1943) ಕಲಕತ್ತೆಯ ಒಂದೇ ಟಾಕೀಜಿನಲ್ಲಿ ಮೂರು ವರ್ಷದ ಮೇಲೆ ಓಡಿತು. ಇಬ್ಬರೂ ಹೆಸರಿನ ಮುಂದೆ 'ಕರ್ನಾಟಕಿ' ಅಂತ ಇಟ್ಟುಕೊಂಡವರು. ರಾಜ್ಯಕ್ಕೆ ಆ ಹೆಸರು ಬಂದದ್ದು 1973ರಲ್ಲಿ! ಅಮೀರ್‌ಬಾಯಿ 1965ರಲ್ಲೇ ತೀರಿಕೊಂಡಿದ್ದಳು.

ಇನ್ನು ರೋಜಿ. ಪಿ.ಕೆ. ರೋಜಿ ಕೇರಳದ ಪುಲಯರ ಮಗಳು, ನಮ್ಮವಳು. ಹುಲ್ಲು ಕೊಯ್ದು ಬದುಕುತ್ತಿದ್ದಳು, ಜನಪದ ನಾಟಕ ಆಡುತ್ತಿದ್ದಳು. ಜೆ.ಸಿ. ಡೇನಿಯಲ್ ತೆಗೆದ 'ವಿಗತಕುಮಾರನ್', ಮಲಯಾಳದ ಮೊದಲ ಚಿತ್ರ, ಅದರ ನಾಯಕಿ ಇವಳು. ಪಾತ್ರ ನಾಯರ್ ಹೆಣ್ಣಿನದು. ಅಷ್ಟೇ ಸಾಕಾಯಿತು. ತಿರುವನಂತಪುರದ ಟಾಕೀಜಿನಲ್ಲಿ ಮೊದಲ ಆಟಕ್ಕೆ ಆಕೆಯನ್ನ ಒಳಗೇ ಬಿಡಲಿಲ್ಲ. ಪರದೆಯ ಮೇಲೆ ಆಕೆ ಬಂದಾಗ ಕಲ್ಲು ತೂರಿದರು. ಗುಡಿಸಲಿಗೆ ಬೆಂಕಿ ಇಟ್ಟರು. ಲಾರಿ ಹತ್ತಿ ನಾಗರಕೋಯಿಲ್ ಕಡೆ ಓಡಿದ ರೋಜಿ, ರಾಜಮ್ಮಾಳ್ ಅನ್ನೋ ಹೆಸರಲ್ಲಿ ಬಾಳಿದಳು. ಸಿನಿಮಾದ ಪ್ರತಿ ಉಳಿದಿಲ್ಲ. ತನ್ನ ಚಿತ್ರ ತಾನೇ ನೋಡದ ನಾಯಕಿ!

ಕಲ್ಲು ಹೊಡೆದವರನ್ನ ಬೈಯೋದು ಸುಲಭ. ನಾವೇನು ಮಾಡ್ತೀವಿ? ನಮ್ಮ ಓಣಿಯಲ್ಲಿ ಮುತ್ತು ಕಟ್ಟಿಸಿಕೊಂಡ ಅವ್ವಂದಿರ ಹಾಡು ಕೇಳ್ತೀವಿ, 1982ರ ಕಾಯ್ದೆ ಭಾಷಣದಾಗ ಹೇಳ್ತೀವಿ. ಹಾಸ್ಟೆಲ್ ನಾಟಕ ಬಂತಂದ್ರ ಮೀಸೆ ಬೋಳಿಸಿ ನಾವೇ ಸೀರೆ ಉಡ್ತೀವಿ. ತಂಗಿ ಪಾತ್ರ ಕೇಳಿದರೆ 'ಜನ ಏನಂದಾರು' ಅಂತೀವಿ. ಆ ಜನ ನಾವೇ ಅಲ್ಲೇನ್ರೋ?

ಈ ಸಲ ರೋಜಿಯ ಕತೆಯನ್ನೇ ಆಡೋಣ. ರೋಜಿ ಆಗುವವರು ಹೆಸರು ಇವತ್ತೇ ಬರೆಸಿರಿ. ಹುಡುಗರು ಪರದೆ ಕಟ್ಟಲಿ, ಗ್ಯಾಸಬತ್ತಿ ಹಿಡೀಲಿ. ತಾಲೀಮು ಮುಗಿದ ಮ್ಯಾಲೆ ಅವರನ್ನ ಮನೀತನಕ ಮುಟ್ಟಿಸಿ ಬರ್ರಿ. ದಾರ್ಯಾಗ ಯಾವನಾರ ಒಂದು ಮಾತಂದ್ರ, ಅವನ ಹೆಸರೂ ಬರಕೊಂಡು ಬರ್ರಿ.