ಬೆಕ್ಕಿನ ಮೈ ಯಾಕೆ ಅಷ್ಟು ಬಿಸಿ?

ಮಳೆಗಾಲದ ಸಂಜೆ ಬೆಕ್ಕು ಬಂದು ಮಡಿಲಲ್ಲಿ ಮುದುಡಿ ಮಲಗಿದರೆ ಎಷ್ಟು ಬೆಚ್ಚಗಿರುತ್ತದೆ, ಅಲ್ಲವೇ ಮಕ್ಕಳೇ? ಅದರ ಕುತ್ತಿಗೆಯ ಬಳಿ ಮೆಲ್ಲಗೆ ಕೈಯಿಟ್ಟು ನೋಡಿ. ಆಮೇಲೆ ನಿಮ್ಮ ಹಣೆ ಮುಟ್ಟಿಕೊಳ್ಳಿ. ಬೆಕ್ಕೇ ಬಿಸಿ! ಹಾಗಾದರೆ ಅದಕ್ಕೆ ಜ್ವರವೇ?

ಅಲ್ಲ. ನಮ್ಮ ಮೈಯ ಕಾವು ಸುಮಾರು 98.6 ಡಿಗ್ರಿ ಫ್ಯಾರನ್‌ಹೀಟ್. ಆರೋಗ್ಯವಾಗಿರುವ ನಾಯಿ ಬೆಕ್ಕುಗಳದ್ದು 100.5ರಿಂದ 102.5. ನಮಗೆ ಅಷ್ಟು ಕಾವೇರಿದರೆ ಅಮ್ಮ ಶಾಲೆಗೆ ಕಳಿಸದೆ ಕಂಬಳಿ ಹೊದಿಸಿ ಮಲಗಿಸುತ್ತಾಳೆ. ಬೆಕ್ಕು ಅದೇ ಕಾವಿನಲ್ಲಿ ಅಟ್ಟ ಹತ್ತಿ ಇಲಿ ಹಿಡಿಯುತ್ತದೆ. ಅದಕ್ಕೆ ಜ್ವರ ಬಂದಿದೆಯೋ ಇಲ್ಲವೋ ಎಂಬುದು ಕೈಗೆ ತಿಳಿಯುವುದಿಲ್ಲ. ಪಶುವೈದ್ಯರು ಬಾಲದ ಕೆಳಗೆ ಥರ್ಮಾಮೀಟರ್ ಇಟ್ಟು ನೋಡಿಯೇ ಹೇಳುತ್ತಾರೆ.

ಇದು ತಿಳಿಯದೆ ಕೆಲವರು, ಪಾಪ ಮೈ ಸುಡುತ್ತಿದೆ ಎಂದು ಪ್ಯಾರಾಸಿಟಮಾಲ್ ಮಾತ್ರೆಯನ್ನು ಪುಡಿ ಮಾಡಿ ಕೊಟ್ಟುಬಿಡುತ್ತಾರೆ. ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ 500 ಮಿಲಿಗ್ರಾಮಿನ ಒಂದೇ ಒಂದು ಮಾತ್ರೆ ನಾಲ್ಕು ಕಿಲೋ ತೂಗುವ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ನಮ್ಮ ಜ್ವರ ಇಳಿಸುವ ಮಾತ್ರೆ ಬೆಕ್ಕಿಗೆ ವಿಷವಾಗುವುದು ಹೇಗೆ? ನುಂಗಿದ ಮಾತ್ರೆ ಕೆಲಸ ಮುಗಿಸಿ ಮೈಯಿಂದ ಹೊರಗೆ ಹೋಗಬೇಕಲ್ಲ, ಅದನ್ನು ಸಾಗಹಾಕುವುದು ಯಕೃತ್ತು. ಅದು ಮದ್ದಿನ ಕಣಕ್ಕೆ ಸಕ್ಕರೆಯಿಂದ ತಯಾರಾದ ಪುಟ್ಟದೊಂದು ತುಣುಕನ್ನು ಅಂಟಿಸುತ್ತದೆ. ಅಂಟಿದ ಮೇಲೆ ಕಣ ನೀರಿನಲ್ಲಿ ಸುಲಭವಾಗಿ ಕರಗಿ ಮೂತ್ರದ ಜೊತೆ ಹೊರಟುಹೋಗುತ್ತದೆ. ಹೀಗೆ ಅಂಟಿಸಲು ಒಂದು ಕಿಣ್ವ ಬೇಕು. ಆ ಕಿಣ್ವವನ್ನು ತಯಾರಿಸಬೇಕಾದ ಜೀನ್ ಬೆಕ್ಕಿನಲ್ಲಿ ಕೆಟ್ಟುಹೋಗಿದೆ. ಮದ್ದು ಒಳಗೇ ಉಳಿದು ವಿಷವಾಗುತ್ತದೆ. ರಕ್ತಕ್ಕೆ ಆಮ್ಲಜನಕ ಹೊರಲು ಆಗದೆ ಅದು ಕಂದುಬಣ್ಣಕ್ಕೆ ತಿರುಗುತ್ತದೆ. ಗುಲಾಬಿಯಾಗಿದ್ದ ವಸಡು ಮಣ್ಣಿನ ಬಣ್ಣವಾಗುತ್ತದೆ. ಮುಖ, ಪಾದ ಊದಿಕೊಳ್ಳುತ್ತವೆ.

ಆ ಜೀನ್ ಬೆಕ್ಕಿನಲ್ಲಿ ಕೆಟ್ಟದ್ದೇಕೆ? ಗಿಡಗಳು ತಮ್ಮನ್ನು ತಿನ್ನಲು ಬರುವವರಿಂದ ಪಾರಾಗಲು ಎಲೆ ಕಾಯಿಗಳಲ್ಲಿ ಕಹಿ, ವಿಷ ತುಂಬಿಕೊಂಡಿರುತ್ತವೆ. ಸೊಪ್ಪು ಮೇಯುವ ಪ್ರಾಣಿಗಳಿಗೆ ಅದನ್ನು ಕಳೆಯುವ ಕಿಣ್ವಗಳು ಬೇಕೇಬೇಕು. ಬೆಕ್ಕಿನ ಪೂರ್ವಜರು ತಿಂದದ್ದು ಬರೀ ಮಾಂಸ. ಬಳಕೆಯಿಲ್ಲದ ಜೀನ್ ಕೆಟ್ಟರೂ ಅವಕ್ಕೆ ಏನೂ ಕೊರತೆಯಾಗಲಿಲ್ಲ, ಹಾಗಾಗಿ ಅದು ಕೆಟ್ಟೇ ಉಳಿಯಿತು ಎಂಬುದು ವಿಜ್ಞಾನಿಗಳ ಊಹೆ. ಸಿಹಿ ಗುರುತಿಸುವ ಜೀನ್ ಕೂಡ ಬೆಕ್ಕಿನಲ್ಲಿ ಕೆಟ್ಟಿದೆ! ಅಮೆರಿಕದ ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯವರು 2005ರಲ್ಲಿ ಇದನ್ನು ತೋರಿಸಿಕೊಟ್ಟರು. ಮೈಸೂರು ಪಾಕಿನ ತುಪ್ಪದ ವಾಸನೆಗೆ ಬೆಕ್ಕು ಓಡಿ ಬಂದೀತು, ಆದರೆ ಅದರ ಸಿಹಿ ಬೆಕ್ಕಿಗೆ ಗೊತ್ತೇ ಆಗದು. ನನಗೆ ಇದು ಬಹಳ ಇಷ್ಟವಾದ ಸಂಗತಿ.

ನಾಯಿಗೆ ಸಿಹಿ ಚೆನ್ನಾಗಿ ಗೊತ್ತು. ಅದಕ್ಕೇ ಚಾಕೊಲೇಟ್ ಕಂಡರೆ ಬಾಲ ಅಲ್ಲಾಡಿಸುತ್ತದೆ. ಚಾಕೊಲೇಟಿನಲ್ಲಿರುವ ಥಿಯೋಬ್ರೊಮಿನ್ ನಮ್ಮ ಮೈಯಲ್ಲಿ ಅರ್ಧಕ್ಕೆ ಇಳಿಯಲು ಏಳೆಂಟು ಗಂಟೆ ಸಾಕು. ನಾಯಿಗೆ ಸುಮಾರು 17 ಗಂಟೆ ಬೇಕು. ಅಷ್ಟು ಹೊತ್ತೂ ಎದೆ ಡವಡವ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ, ಹೆಚ್ಚು ತಿಂದಿದ್ದರೆ ನಡುಕ ಬರುತ್ತದೆ. ಚಾಕೊಲೇಟ್ ಕಪ್ಪಾದಷ್ಟೂ ಅಪಾಯ ಹೆಚ್ಚು.

ವಿಜಯಪುರದ ದ್ರಾಕ್ಷಿ ನಮಗೆ ಎಷ್ಟು ರುಚಿ! ಅದೇ ದ್ರಾಕ್ಷಿ, ಒಣದ್ರಾಕ್ಷಿಯಿಂದ ನಾಯಿಯ ಮೂತ್ರಪಿಂಡ ಕೆಡಬಹುದು. ಇದಕ್ಕೆ ಕಾರಣ ಟಾರ್ಟಾರಿಕ್ ಆಮ್ಲ ಇರಬೇಕೆಂದು ಅಮೆರಿಕದ ಪಶುವೈದ್ಯರು 2021ರಲ್ಲಿ ಸುಳಿವು ಕೊಟ್ಟರು. ಆ ಆಮ್ಲ ನಮ್ಮ ಹುಣಸೆಹಣ್ಣಿನಲ್ಲೂ ಧಾರಾಳವಾಗಿದೆ. ಇನ್ನು ಈರುಳ್ಳಿ, ಬೆಳ್ಳುಳ್ಳಿ ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ, ಬೇಯಿಸಿದರೂ ಅವುಗಳ ಆ ಗುಣ ಹೋಗುವುದಿಲ್ಲ. ಆದ್ದರಿಂದ ಮಿಕ್ಕ ಸಾಂಬಾರ್ ಅನ್ನವನ್ನು ನಾಯಿಯ ತಟ್ಟೆಗೆ ಸುರಿಯುವ ಅಭ್ಯಾಸ ಬಿಡುವುದು ಒಳ್ಳೆಯದು. ಖಾರ, ಒಗ್ಗರಣೆ ಇಲ್ಲದ ಅನ್ನಕ್ಕೆ ಬೇಯಿಸಿದ ಮೊಟ್ಟೆ ಕಲಸಿ ಕೊಡಿ.

ಇಷ್ಟಾದರೂ ನಿಮ್ಮ ಬೆಕ್ಕೋ ನಾಯಿಯೋ ಇಂಥದ್ದೇನಾದರೂ ತಿಂದರೆ, ಅಥವಾ ನೀವೇ ತಿಳಿಯದೆ ಕೊಟ್ಟಿದ್ದರೆ, ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೂ ಹೋಗಬೇಡಿ, ಅದರಿಂದ ಇನ್ನಷ್ಟು ಕೆಡುಕಾಗಬಹುದು. ಪ್ಯಾರಾಸಿಟಮಾಲ್ ವಿಷಕ್ಕೆ ಮದ್ದು ಇದೆ, ಆದರೆ ಬೇಗ ಕೊಟ್ಟರೆ ಮಾತ್ರ ಫಲ. ಮಾತ್ರೆಯ ಖಾಲಿ ಸ್ಟ್ರಿಪ್ಪನ್ನೋ ಚಾಕೊಲೇಟಿನ ಕಾಗದವನ್ನೋ ಕೈಯಲ್ಲಿ ಹಿಡಿದುಕೊಂಡೇ ಮನೆಯವರ ಜೊತೆ ಪಶುವೈದ್ಯರ ಬಳಿ ಓಡಿ. ಏನು ತಿಂದಿತು, ಎಷ್ಟು ತಿಂದಿತು, ಎಷ್ಟು ಹೊತ್ತಾಯಿತು, ಇದ್ದದ್ದು ಇದ್ದಹಾಗೆ ಹೇಳಿ.