ಮಹೀಲತೆಯ ಮನೆವಾರ್ತೆ

ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ‘ಮಹೀಲತಾ’ ಎಂಬ ಶಬ್ದ ನೆನಪಿರಬಹುದು. ಮಹಿ ಎಂದರೆ ಭೂಮಿ, ಲತೆ ಎಂದರೆ ಬಳ್ಳಿ. ಯಾವುದೋ ಚೆಲುವಾದ ಹೂಬಳ್ಳಿ ಇರಬೇಕೆಂದು ಊಹಿಸಿದರೆ ತಪ್ಪಾದೀತು. ಅದು ನಮ್ಮ ಎರೆಹುಳುವಿನ ಹೆಸರು. ಮಳೆ ಬಂದಾಗ ಅಂಗಳದಲ್ಲಿ ಕಂಡು ನಾವು ಮೂಗು ಮುರಿಯುವ ಈ ಜೀವಿಯನ್ನು ಅಡಿಗೆಮನೆಯ ನೆರೆಗೆ ಕರೆತಂದರೆ ಆಗುವ ಉಪಕಾರವೇನೆಂಬುದನ್ನು ಈ ಹೊತ್ತು ತಮ್ಮಲ್ಲಿ ಅರಿಕೆ ಮಾಡುತ್ತೇನೆ.

ತರಕಾರಿಯ ಸಿಪ್ಪೆ, ಸೊಪ್ಪಿನ ದಂಟು, ಕಾಫಿಯ ಚರಟ, ಇವನ್ನು ಬುಟ್ಟಿಗೆ ತುಂಬಿ ಹೊರಗಿಟ್ಟರೆ ನಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸುತ್ತೇವೆ. ಆದರೆ ಕಸ ಮಾಯವಾಗುವುದಿಲ್ಲ. ಊರು ಬದಲಿಸುತ್ತದೆ, ಅಷ್ಟೆ. ಬೆಂಗಳೂರಿನ ಕಸ ವರ್ಷಗಟ್ಟಲೆ ಮಂಡೂರಿನ ಮಗ್ಗುಲಲ್ಲಿ ಗುಡ್ಡವಾಗಿ ಬೆಳೆಯಿತು. ಸಹಿಸಲಾರದೆ 2014ರಲ್ಲಿ ಆ ಹಳ್ಳಿಯವರು ಬೀದಿಗಿಳಿದರು. ವರ್ಷದ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತಿತು. ಹಸಿ ಕಸ, ಒಣ ಕಸಗಳನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದವು. ಬೇರ್ಪಟ್ಟ ಹಸಿ ಕಸ ನಮ್ಮಲ್ಲೇ ಗೊಬ್ಬರವಾದರೆ ಅದರ ದುರ್ಗಂಧ ಇನ್ನೊಬ್ಬರ ಬಾಗಿಲಿಗೆ ಹೋಗಲಾರದು.

ಇದಕ್ಕೆ ದೊಡ್ಡ ಹಿತ್ತಿಲು ಬೇಕಿಲ್ಲ. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದಡಿ ಆಳದ ಮರದ ಪೆಟ್ಟಿಗೆ ಸಾಕು. ತಳಕ್ಕೂ ಪಕ್ಕಗಳಿಗೂ ಸಣ್ಣ ತೂತುಗಳಿರಲಿ, ಮೇಲೊಂದು ಮುಚ್ಚಳವಿರಲಿ. ಇಟ್ಟಿಗೆಗಳ ಮೇಲಿಟ್ಟು, ಸೋರುವ ನೀರಿಗೆ ಕೆಳಗೊಂದು ತಟ್ಟೆ ಇಡಬೇಕು. ಒಳಗೆ ತೆಂಗಿನ ನಾರಿನ ಪುಡಿ, ಒಣ ಎಲೆ, ಹರಿದ ವೃತ್ತಪತ್ರಿಕೆ, ಹಳೆಯ ಸಗಣಿ ಬೆರೆಸಿ ಒಂದು ಗೇಣು ಹಾಸು ಹಾಕಬೇಕು. ಹೊಸ ಸಗಣಿ ಕೂಡದು. ಅದರ ಕಾವಿಗೆ ಹುಳು ಸಾಯುತ್ತದೆ. ಹುಳುವಿಗೆ ಶ್ವಾಸಕೋಶವಿಲ್ಲ, ಚರ್ಮದಿಂದಲೇ ಉಸಿರಾಟ. ಆದ್ದರಿಂದ ಹಾಸು ಹಿಂಡಿದ ಬಟ್ಟೆಯಷ್ಟು ತೇವವಾಗಿರಬೇಕು. ಒಣಗಲೂ ಬಾರದು, ನೀರು ನಿಲ್ಲಲೂ ಬಾರದು.

ಅಂಗಳ ಅಗೆದು ತೆಗೆದ ಹುಳುಗಳಲ್ಲಿ ಹೆಚ್ಚಿನವು ಮಣ್ಣಿನೊಳಗೆ ಬಾಳುವಂಥವು, ಪೆಟ್ಟಿಗೆಗೆ ಒಗ್ಗುವುದಿಲ್ಲ. ಕೊಳೆತ ಎಲೆಯಲ್ಲೇ ಸಂಸಾರ ಮಾಡುವ ಜಾತಿ ಬೇಕು. ನಮ್ಮ ಸೆಕೆಗೆ ಆಫ್ರಿಕಾ ಮೂಲದ ಯೂಡ್ರಿಲಸ್ ಹುಳು ಹೊಂದುತ್ತದೆ. ಎರೆಗೊಬ್ಬರ ಮಾಡುವ ರೈತರಲ್ಲಿ ವಿಚಾರಿಸಿದರೆ ದೊರೆಯುತ್ತದೆ. ಅರ್ಧ ಕಿಲೋ ತಂದರೆ ಸಾಕು.

ಪೆಟ್ಟಿಗೆಯನ್ನು ನೆರಳಿನಲ್ಲಿಡಿ. ಚಾರ್ಲ್ಸ್ ಡಾರ್ವಿನ್ ಮಹಾಶಯನು 1881ರಲ್ಲಿ ಎರೆಹುಳುಗಳನ್ನೇ ಕುರಿತು ಒಂದು ಗ್ರಂಥ ಪ್ರಕಟಿಸಿದನು. ಕುಂಡದಲ್ಲಿ ಹುಳು ಸಾಕಿ, ಹತ್ತಿರದಲ್ಲಿ ಪಿಯಾನೋ ನುಡಿಸಿದರೆ ಅವು ಕದಲಲಿಲ್ಲ. ಕುಂಡವನ್ನು ಪಿಯಾನೋದ ಮೇಲೆಯೇ ಇಟ್ಟಾಗ ಕಂಪನಕ್ಕೆ ಬೆದರಿ ಬಿಲ ಸೇರಿದವು. ಆದ್ದರಿಂದ ರೇಡಿಯೋ ಸಂಗೀತಕ್ಕೆ ಅಡ್ಡಿಯಿಲ್ಲ. ರುಬ್ಬುವ ಯಂತ್ರದ ಪಕ್ಕ ಬೇಡ!

ಇನ್ನು ಊಟದ ವಿಚಾರ. ಸಿಪ್ಪೆ, ಸೊಪ್ಪು, ಚಹದ ಚರಟ ಇವೆಲ್ಲ ಸಲ್ಲುತ್ತವೆ. ಸಣ್ಣಗೆ ಹೆಚ್ಚಿ, ಹಾಸಿನಡಿ ಹುದುಗಿಸಿಡಬೇಕು. ಉಪ್ಪಿಗಿಂತ ರುಚಿಯಿಲ್ಲ ಎಂಬ ಗಾದೆ ಹುಳುವಿಗೆ ಸಲ್ಲದು. ಉಪ್ಪು, ಎಣ್ಣೆ, ಉಪ್ಪಿನಕಾಯಿ, ಮೊಸರು, ಮಾಂಸ ಹಾಕಕೂಡದು. ನಿಂಬೆಯ ಹೋಳು, ಮೆಣಸಿನಕಾಯಿಯೂ ಬೇಡ. ಮೊದಲ ವಾರಗಳಲ್ಲಿ ದಿನಕ್ಕೆ ಒಂದು ಹಿಡಿ ಹಾಕಿ. ಒಗ್ಗಿದ ಮೇಲೆ ಅರ್ಧ ಕಿಲೋ ಹುಳು ದಿನಕ್ಕೆ ಸುಮಾರು ಕಾಲು ಕಿಲೋ ತಿಂದೀತು.

ಬಹಳ ಮನೆಗಳಲ್ಲಿ ಈ ಪ್ರಯತ್ನ ಕೆಡುವುದು ಉಪವಾಸದಿಂದಲ್ಲ, ಅತಿಯಾದ ಸತ್ಕಾರದಿಂದ. ಹುಳುವಿಗೆ ಹಲ್ಲಿಲ್ಲ, ಸೂಕ್ಷ್ಮಜೀವಿಗಳು ಮೆತ್ತಗೆ ಮಾಡಿದ್ದನ್ನು ಮಾತ್ರ ನುಂಗಬಲ್ಲದು. ಹಳೆಯದು ಕರಗುವ ಮೊದಲೇ ಹೊಸದನ್ನು ಸುರಿದರೆ ಗಾಳಿಯಾಡದೆ ಹುಳಿತು ನಾರುತ್ತದೆ. ನಾತ ಬಂದರೆ ಹುಳುವನ್ನು ದೂರಬೇಡಿ. ನಾಲ್ಕು ದಿನ ಊಟ ನಿಲ್ಲಿಸಿ, ಒಣ ಕಾಗದ ಬೆರೆಸಿ, ಮೆಲ್ಲಗೆ ಸಡಿಲಿಸಿ. ಇರುವೆ ಬಂದರೆ ಇಟ್ಟಿಗೆಗಳನ್ನು ನೀರಿನ ಬಟ್ಟಲಿನಲ್ಲಿ ನಿಲ್ಲಿಸಿ.

ಎರಡು ಮೂರು ತಿಂಗಳಲ್ಲಿ ಚಹಪುಡಿಯಂಥ ಕಪ್ಪು ಗೊಬ್ಬರ ಸಿದ್ಧ. ಅದನ್ನು ಒಂದು ಬದಿಗೆ ಸರಿಸಿ, ಇನ್ನೊಂದು ಬದಿಯಲ್ಲಿ ಹೊಸ ಹಾಸು ಹಾಕಿ ಊಟವನ್ನು ಅಲ್ಲಿಯೇ ಇಡುತ್ತ ಬನ್ನಿ. ಹದಿನೈದು ದಿನಗಳಲ್ಲಿ ಹುಳುಗಳಲ್ಲಿ ಬಹುಪಾಲು ತಾವಾಗಿಯೇ ವಲಸೆ ಹೋಗುತ್ತವೆ. ಗೊಬ್ಬರ ಒಂದು ಪಾಲು, ಮಣ್ಣು ನಾಲ್ಕು ಪಾಲು ಬೆರೆಸಿ ಕುಂಡಕ್ಕೆ ತುಂಬಿರಿ. ಕರಿಬೇವಿನ ಗಿಡವಿದ್ದರೆ ಅದಕ್ಕೇ ಮೊದಲ ಹಿಡಿ ಹಾಕಿ. ಅಡಿಗೆಮನೆಯಿಂದ ಹೊರಟದ್ದು ಒಗ್ಗರಣೆಯ ಹೊತ್ತಿಗೆ ಅಲ್ಲಿಗೇ ಹಿಂದಿರುಗಲಿ.