ಒದ್ದೆಗೆ ಒಂದು ರೋಗ, ಒಣಕಲಿಗೆ ಇನ್ನೊಂದು



ಏರ್ಕಾಡಿನ ಕಾಫಿ ತೋಟದಲ್ಲಿ ದುಡಿಯುವ ನಮಗೆ ಕಡಲೆಕಾಯಿಯ ಮಾತೇಕೆ ಎನ್ನಬೇಡಿ. ಕೆಳಗೆ ಸೇಲಂ, ಧರ್ಮಪುರಿ ಜಿಲ್ಲೆಗಳ ಬಯಲಿನಲ್ಲಿ ನಮ್ಮಲ್ಲಿ ಕೆಲವರಿಗೆ ತುಂಡು ಹೊಲವಿದೆ. ಹೊಲವಿಲ್ಲದವರೂ ಕಡಲೆಕಾಯಿ ತಿನ್ನುತ್ತೇವೆ.

ಕಡಲೆಕಾಯಿಗೆ ರೋಗ ತರುವುದು ಬೂಷ್ಟಿನ ಜಾತಿಯ ಸೂಕ್ಷ್ಮ ಜೀವಿಗಳು. ಅವು ಮಣ್ಣಿನಲ್ಲಿ, ಹಳೆಯ ಕಸದಲ್ಲಿ, ಗಾಳಿಯಲ್ಲಿ ಕಾದಿರುತ್ತವೆ. ಯಾವುದು ಯಾವಾಗ ಏಳಬೇಕೆಂಬುದನ್ನು ಹವೆ ನಿರ್ಧರಿಸುತ್ತದೆ.

ಆಷಾಢದಲ್ಲಿ ಬಿತ್ತಿದ ಬೆಳೆಯ ಮೇಲೆ ಮೋಡ ಮುಸುಕಿ, ಎಲೆ ರಾತ್ರಿಯಿಡೀ ಒದ್ದೆಯಾಗಿದ್ದರೆ ಟಿಕ್ಕಾ ಎಂಬ ಎಲೆಚುಕ್ಕೆ ರೋಗ ಹರಡುತ್ತದೆ. ಎಲೆಯಡಿ ಕಿತ್ತಳೆ ಬಣ್ಣದ ಪುಡಿ ಕಂಡರೆ ಅದು ತುಕ್ಕು ರೋಗ. ಎರಡೂ ಕೂಡಿ ಬಂದರೆ ಅರ್ಧ ಬೆಳೆಯೇ ಹೋಗಬಹುದು. ಹಳೆಯ ಕಸವನ್ನು ಉತ್ತು ಹೂಳೋಣ. ತಾನಾಗಿ ಹುಟ್ಟಿದ ಗಿಡ ಕೀಳೋಣ. ಮರುವರ್ಷ ಅದೇ ಹೊಲಕ್ಕೆ ರಾಗಿ ಹಾಕೋಣ. ಚುಕ್ಕೆ ಕಂಡೊಡನೆ ವ್ಯವಸಾಯ ಇಲಾಖೆಯವರನ್ನು ಕೇಳಿ ಔಷಧಿ ಹೊಡೆಯೋಣ.

ಮಳೆ ಬಾರದಿದ್ದರೆ? ಆಗಲೂ ಅಪಾಯವಿದೆ. ಕಾಯಿ ಬಲಿಯುವ ಕೊನೆಯ 3-6 ವಾರ ಮಳೆ ಕೈಕೊಟ್ಟು ಮಣ್ಣು ಕಾದರೆ, ಆಸ್ಪರ್ಜಿಲಸ್ ಎಂಬ ಬೂಷ್ಟು ಕಾಯಿಯೊಳಗೆ ಸೇರುತ್ತದೆ. ಕಿತ್ತ ಕಾಯಿ ಹಿಂಗಾರು ಮಳೆಗೆ ನೆನೆದರೂ, ಅರೆಬರೆ ಒಣಗಿದ್ದನ್ನು ಮೂಟೆ ಕಟ್ಟಿದರೂ ಅದು ಬೆಳೆಯುತ್ತದೆ. ಅದು ಬಿಡುವ ವಿಷದ ಹೆಸರು ಅಫ್ಲಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಕೆಟ್ಟ ಕಡಲೆಕಾಯಿ ಹಿಂಡಿ ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಈ ವಿಷ ಬೆಳಕಿಗೆ ಬಂದದ್ದು ಹಾಗೆ. ಮನುಷ್ಯರಲ್ಲಿ ಇದು ಈಲಿಯನ್ನು ಕೆಡಿಸಿ ಕ್ಯಾನ್ಸರ್ ತರಬಲ್ಲದು. ಹುರಿದರೂ ಬೇಯಿಸಿದರೂ ಪೂರ್ತಿ ಹೋಗದು.

ನಮ್ಮ ವಾಡಿಕೆಯೇನು? ಗಟ್ಟಿ ಕಾಯಿ ಮಂಡಿಗೆ, ಸುಕ್ಕಿದ್ದು ಮನೆಯ ಮಕ್ಕಳಿಗೆ, ಬೂಷ್ಟು ಹಿಡಿದದ್ದು ಹಸುವಿಗೆ. ಸುಕ್ಕಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಕಾಳಿನಲ್ಲೇ ವಿಷ ಹೆಚ್ಚು. ಹಸು ತಿಂದರೆ ಹಾಲಿಗೂ ಇಳಿಯುತ್ತದೆ.

ಆದ್ದರಿಂದ ಗಿಡ ಕಿತ್ತೊಡನೆ ಕಾಯಿ ಮೇಲಾಗುವಂತೆ ತಿರುವಿ ಒಣಗಿಸೋಣ. ಅಲ್ಲಾಡಿಸಿದರೆ ಒಳಗೆ ಕಾಳು ಗಲಗಲ ಎನ್ನಬೇಕು, ಆಮೇಲೆ ಮೂಟೆ. ಮೂಟೆಯನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಡೋಣ. ಬೆವರು ಸುರಿಸಿ ಬೆಳೆದ ಕಾಳನ್ನು ಎಸೆಯಲು ಕೈ ಬಾರದು, ನಿಜ. ಆದರೂ ಕೆಟ್ಟ ಹಿಡಿ ಕಾಳನ್ನು ಆರಿಸಿ ಹೂಳೋಣ. ಮಂಡಿಗೆ ಕೊಡಲು ನಾಚುವಂಥದ್ದನ್ನು ಮಕ್ಕಳ ಕೈಗೆ ಕೊಡಬಾರದು.